ಹಾಡು ಮುಗಿದ ಮೇಲಿನ ಮಾತು

ಹಾಡು ಮುಗಿಯಿತು. ಪಿಟೀಲುಗಳು ಒಂದೊಂದಾಗಿ ದೂರ ಸರಿದವು, ಗಾಯಕನ ದನಿ ಸಣ್ಣಗಾಗುತ್ತ ಹೋಗಿ ಇಲ್ಲವಾಯಿತು. ಎಂಬತ್ತು ವರ್ಷಗಳಿಂದ ಆ ಚಿತ್ರಗೀತೆ ಕೇಳಿದವರೆಲ್ಲ ಇಲ್ಲಿಗೇ ಎದ್ದು ತಮ್ಮ ಕೆಲಸ ನೋಡಿಕೊಂಡಿದ್ದರು. ಆದರೆ ಧಾರವಾಡದ ಆ ಸಭಾಂಗಣದಲ್ಲಿ ಯಾರೂ ಏಳಲಿಲ್ಲ. ಮೇಜಿನ ಮೇಲಿದ್ದ, ಹೊಲಿಗೆ ಯಂತ್ರದಷ್ಟು ದೊಡ್ಡ ಪೆಟ್ಟಿಗೆ ಗುಂಯ್‌ಗುಟ್ಟಿತು. ಆಮೇಲೆ ಖಾಲಿ ಅಂದುಕೊಂಡಿದ್ದ ಜಾಗದೊಳಗಿಂದ ಒಬ್ಬ ಗಂಡಸು ಕೆಮ್ಮಿದ. ಒಂದು ಕುರ್ಚಿ ಕಿರ್ರೆಂದಿತು. ಯಾರೋ ಸ್ಪಷ್ಟವಾಗಿ, "ಅಯ್ಯೋ, ಇವತ್ತೂ ಉಪ್ಪಿಟ್ಟೇನಾ?" ಅಂದರು.

ಸಭೆ ಗೊಳ್ಳೆಂದು ನಕ್ಕಿತು. ಉಪ್ಪಿಟ್ಟಿನ ಮೇಲೆ ಬೇಜಾರು ಮಾಡಿಕೊಂಡ ಆ ಪುಣ್ಯಾತ್ಮ ಯಾವತ್ತೋ ಮಣ್ಣಾಗಿದ್ದ. ವೇದಿಕೆಯ ಮೇಲೆ ನಿಂತಿದ್ದ ಡಾ. ಗೌತಮಿ ಹೊಸಮನಿಗೂ ನಗು ತಡೆಯಲಾಗಲಿಲ್ಲ. ಪೆಟ್ಟಿಗೆ ಅವಳದೇ. ಹೆಸರು 'ಶೇಷವಾಣಿ'.

ಸಂಗತಿ ಇಷ್ಟೇ. ಹಿಂದೆ ಹಾಡನ್ನು ಥಟ್ಟನೆ ನಿಲ್ಲಿಸದೆ ಮೆಲ್ಲಗೆ ಕರಗಿಸುವ ಪದ್ಧತಿಯಿತ್ತು. ಗಾಜಿನ ಆಚೆ ಕೂತ ರೆಕಾರ್ಡಿಸ್ಟ್ ಒಂದು ಗುಂಡಿಯನ್ನು ಕೆಳಕ್ಕೆ ಜಾರಿಸುತ್ತಿದ್ದ, ನಮ್ಮ ಕಿವಿಗೆ ದನಿ ಸತ್ತುಹೋಗುತ್ತಿತ್ತು. ಆದರೆ ಗುಂಡಿ ಪೂರ್ತಿ ತಳ ಮುಟ್ಟುತ್ತಿದ್ದುದು ಅಪರೂಪ, ಟೇಪಂತೂ ಇನ್ನೂ ತಿರುಗುತ್ತಿರುತ್ತಿತ್ತು. ಟೇಪಿಗೆ ಬಳಿದ ಲೋಹದ ಪುಡಿಯಲ್ಲಿ ಒಂದೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ಕೋಣೆಯಲ್ಲಿ ಎದ್ದ ಎಷ್ಟೇ ಸಣ್ಣ ಸದ್ದಿಗೂ ಅವುಗಳಲ್ಲಿ ಕೆಲವಾದರೂ ಹೊರಳಿ, ಹಾಗೇ ಉಳಿದುಬಿಡುತ್ತಿದ್ದವು. ಟೇಪಿನ ಸ್ವಂತ ಸುಸ್ಸೆನ್ನುವ ಸದ್ದಿನಡಿ ಅದೆಲ್ಲ ಹೂತುಹೋಗುತ್ತಿತ್ತು. ಶೇಷವಾಣಿ ಆ ಕಣಗಳನ್ನು ಒಂದೊಂದಾಗಿ ಓದಿ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸದ್ದಿನಿಂದ ಮಾತನ್ನು ಬೇರೆ ಮಾಡುತ್ತಿತ್ತು. ಇಲ್ಲದ್ದನ್ನು ಊಹಿಸಿ ತುಂಬುತ್ತಿರಲಿಲ್ಲ, ಸಿಗದಿದ್ದರೆ ಖಾಲಿ ಬಿಡುತ್ತಿತ್ತು. ಅದೊಂದು ನಿಯತ್ತು ಅದಕ್ಕಿತ್ತು.

ಜನಕ್ಕೆ ಹುಚ್ಚೇ ಹಿಡಿಯಿತು. ಹಾಡು ಬಿಟ್ಟು ಹಾಡಿನ ಬಾಲ ಕೇಳುವುದೇ ಒಂದು ಚಟವಾಯಿತು. ಭಕ್ತಿಗೀತೆಯ ಕೊನೆಯಲ್ಲಿ ಬೀಡಿ ಕೇಳಿದವರು, ಜೋಗುಳದ ಕೊನೆಯಲ್ಲಿ ಬೈದಾಡಿಕೊಂಡವರು, ಎಲ್ಲರೂ ಬಯಲಾದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆಯಲ್ಲಿ ಮುತ್ತಿನ ಪಾಲು ಮಾತ್ರ ನಿಜವಾಗಿ ಉಳಿಯಿತು.

ಆಮೇಲೆ ಮೈಸೂರಿನ ಒಬ್ಬ ಮುದಿ ತಬಲಾ ವಾದಕರ ಸನ್ಮಾನ ನಡೆಯಿತು. ಸಂಘಟಕರು ದೊಡ್ಡ ಮನಸ್ಸು ಮಾಡಿ ಅವರ ಹಳೆಯ ಹಾಡೊಂದರ ಬಾಲವನ್ನು ಹೆಂಡತಿ ಮಕ್ಕಳ ಮುಂದೆಯೇ ಹಾಕಿದರು. ಅದರಲ್ಲಿ ಅವರು ಗೆಳೆಯನಿಗೆ ಹೆಂಡತಿಯ ರೂಪದ ಬಗ್ಗೆ ಏನೋ ಹೇಳಿ ನಕ್ಕಿದ್ದರು. ಆಕೆ ಎದ್ದು ಹೋದವರು ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ. "ಹುಡುಗುತನದಲ್ಲಿ ಆಡಿದ ಮಾತಮ್ಮ, ನನಗೇ ನೆನಪಿರಲಿಲ್ಲ" ಎಂದು ಮುದುಕರು ಫೋನಿನಲ್ಲಿ ಗೌತಮಿಯ ಬಳಿ ಅತ್ತರು. ವರ್ಷ ತುಂಬುವುದರೊಳಗೆ ತೀರಿಕೊಂಡರು.

ಅಂದಿನಿಂದ ಗೌತಮಿ ಒಂದು ನಿಯಮ ಮಾಡಿದಳು. ಸಂಬಂಧಪಟ್ಟವರು ಬಂದು ಕೇಳಿದರೆ ಮಾತ್ರ ಬಾಲ ತೆಗೆಯುವುದು, ಅದನ್ನೂ ಮೊದಲು ತಾನೊಬ್ಬಳೇ ಕೇಳುವುದು. ಕೆಟ್ಟದ್ದಿದ್ದರೆ, "ಏನೂ ಸಿಗಲಿಲ್ಲ" ಅನ್ನುವುದು. ಯಂತ್ರಕ್ಕೆ ಸುಳ್ಳು ಬರುತ್ತಿರಲಿಲ್ಲ, ಆ ಕೆಲಸ ಇವಳ ಪಾಲಿಗೆ ಬಂತು. ಇತ್ತ ಸ್ಟುಡಿಯೋಗಳಲ್ಲಿ ಹಾಡು ಮುಗಿದ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನೀರು ಬೇಕಾದರೂ ಕೈಸನ್ನೆ ಮಾಡುತ್ತಿದ್ದರು.

ತುಳಸವ್ವ ಬಂದದ್ದು ಅಂಥ ದಿನಗಳಲ್ಲಿ. ಗದಗಿನ ಕಡೆಯ ಹಳ್ಳಿ, ಎಂಬತ್ತು ದಾಟಿದ ಜೀವ. ಸೆರಗಿನಡಿಯಿಂದ ಬಿಸ್ಕಿಟ್ ಡಬ್ಬಿ ತೆಗೆದು, ಅದರೊಳಗಿನ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು. ಹೊದಿಕೆಯ ಮೇಲೆ ಇಬ್ಬರು ಹೆಂಗಸರ ಮಾಸಿದ ಚಿತ್ರವಿತ್ತು. 'ಕಾಶವ್ವ–ತುಳಸವ್ವ, ತತ್ವಪದಗಳು'.

"ನಾವಿಬ್ರೂ ಅಕ್ಕ-ತಂಗಿ ಭಜನಿ ಮೇಳದಾಗ ಹಾಡತಿದ್ವಿರಿ ಬಾಯಾರ," ಅಂದಳು. "ಇದು ಕಡೀ ಕ್ಯಾಸೆಟ್ಟು. ಇದರಾಗಿನ ಕಡೀ ಪದ. ಅದು ಮುಗದ ಮ್ಯಾಲ ನಮ್ಮಕ್ಕ ಏನಂದ್ಲು ಅಂತ ಕೇಳಬೇಕಾಗೈತಿ."

"ಏನಾದರೂ ಅಂದಿರ್ತಾರಂತ ಹೆಂಗ ಹೇಳ್ತೀರಿ ಅಜ್ಜಿ?"

"ಅಂದಿರ್ತಾಳ. ನನ್ನ ಬೈದಿರ್ತಾಳ."

ತುಳಸವ್ವ ಸುತ್ತಿ ಬಳಸಿ ಮಾತಾಡುವವಳಲ್ಲ. ಆ ಕಡೆಯ ಪದದ ಕೊನೆಯ ನುಡಿಯಲ್ಲಿ ತನಗೆ ಏನೋ ಹುರುಪು ಬಂದು ದನಿ ಮೇಲಕ್ಕೇರಿಸಿದಳಂತೆ. ಅಕ್ಕನ ದನಿಗೂ ಮೇಲೆ. ಮೇಳದಲ್ಲಿ ಹಿರಿಯರ ದನಿ ದಾಟುವುದೆಂದರೆ ಅವರ ತಟ್ಟೆಗೆ ಕೈ ಹಾಕಿದ ಹಾಗೆ. ಕಾಶವ್ವ ಅರ್ಧಕ್ಕೇ ಹಾಡು ಬಿಟ್ಟಳು. ಉಳಿದದ್ದನ್ನು ತಂಗಿಯೊಬ್ಬಳೇ ಹಾಡಿ ಮುಗಿಸಿದಳು. ಬಸ್ಸಿನಲ್ಲಿ ಊರಿಗೆ ಬರುವ ತನಕ ಅಕ್ಕ ತುಟಿ ಎರಡು ಮಾಡಲಿಲ್ಲ. ಊರಲ್ಲಿ ಇಳಿದದ್ದೇ ತಡ, "ನನ್ನ ದನಿ ಮ್ಯಾಲ ಹತ್ತಿ ಕುಂತಿ, ಇನ್ನ ನಿನ್ನ ಕೂಡ ನಾ ಹಾಡೂದಿಲ್ಲ, ನನ್ನ ಮನಿಗೆ ಕಾಲಿಡಬ್ಯಾಡ" ಎಂದು ನಾಲ್ಕು ಜನರೆದುರು ಕೂಗಾಡಿ ಗಂಡನ ಮನೆಗೆ ಹೋದಳು. ಅದೇ ವರ್ಷ ಗಂಟಲಲ್ಲಿ ಗಂಟಾಗಿ ಸತ್ತಳು.

"ಊರ ಮಂದಿ ಏನಂದ್ರು ಗೊತ್ತೇನ್ರಿ? ನುಂಗಿದ ದುಃಖ ಗಂಟಲದಾಗ ಗಂಟಾತು, ತಂಗೀನ ಅಕ್ಕನ್ನ ಕೊಂದ್ಲು ಅಂದ್ರು. ನಾನೂ ಹಂಗಽ ತಿಳಕೊಂಡೀನಿ. ಅವತ್ತಿಂದ ಒಂದು ಪದಾ ಹಾಡಿಲ್ಲ. ಮಗಳಿಗೆ ಜೋಗುಳಾನೂ ಹಾಡಲಿಲ್ಲ. ಆಕಿ ಶಾಪ ಹಾಕಿದ್ಲೋ ಇಲ್ಲೋ, ನಾ ಸಾಯೂದರೊಳಗ ಅಷ್ಟು ಗೊತ್ತಾದ್ರ ಸಾಕು."

"ಹಾಡು ಮುಗಿದಾಗ ನೀವು ಅಲ್ಲೇ ಇರಲಿಲ್ಲೇನು?"

"ಇಲ್ಲರಿ. ಗಾಜಿನಾಚೆ ಕುಂತ ಆ ಮನಷ್ಯಾ ಕೈ ಇಳಿಸಿದ ಕೂಡ್ಲೆ ನಾ ಎದ್ದು ಹೊರಗ ಓಡಿದ್ನಿ. ಪದಾ ಹ್ಯಾಂಗ ಬಂತು ಅಂತ ಅವನ್ನ ಕೇಳಾಕ." ಆ ಹುರುಪು ನೆನೆದು ಈಗಲೂ ಅವಳಿಗೆ ನಾಚಿಕೆಯಾಯಿತು.

ಗೌತಮಿಗೆ ಇದು ಹೊಸದಲ್ಲ. ಸ್ಟುಡಿಯೋದ ಕಟ್ಟಳೆ ಪ್ರಕಾರ ಕೆಂಪು ದೀಪ ಆರುವ ತನಕ ಯಾರೂ ಉಸಿರೆತ್ತಬಾರದು. ಆದರೆ ಮೇಳದವರು ದೀಪ ನೋಡಿ ಹಾಡಿದವರಲ್ಲ, ಕೈ ನೋಡಿ ಹಾಡಿದವರು. ಭಜನೆಯಲ್ಲಿ ಹಿರಿಯ ಕೈ ಇಳಿಸಿದರೆ ಪದ ಮುಗಿಯಿತು. ಗಾಜಿನಾಚೆಯ ರೆಕಾರ್ಡಿಸ್ಟ್ ಗುಂಡಿ ಇಳಿಸಲು ಕೈ ಇಳಿಸಿದ್ದೇ ತಡ, ಇವರು ಮಾತಿಗೆ ಶುರು ಮಾಡಿಬಿಡುತ್ತಿದ್ದರು. ದೀಪ ಪಾಪ ಉರಿಯುತ್ತಲೇ ಇರುತ್ತಿತ್ತು. ಹಾಗಾಗಿ ಸಿನಿಮಾದವರ ಬಾಲಕ್ಕಿಂತ ಮೇಳದವರ ಬಾಲ ಯಾವತ್ತೂ ಉದ್ದ.

ತುಳಸವ್ವನನ್ನು ಹೊರಗೆ ಕೂರಿಸಿ, ಚಹಾ ಕೊಡಿಸಿ, ಗೌತಮಿ ಒಳಗೆ ಬಂದು ಕಿವಿಗೆ ಸಾಧನ ಹಾಕಿಕೊಂಡಳು. ಕೊನೆಯ ನುಡಿ ಬಂತು. ಎರಡು ದನಿ, ಒಂದರ ಮೇಲೊಂದು. ಆಮೇಲೆ ಒಂದು ದನಿ ನಿಂತಿತು. ಇನ್ನೊಂದು ಎಂಥ ದನಿ ಅದು! ಗೌತಮಿಯ ತೋಳಿನ ರೋಮ ಎದ್ದವು. ಅದೂ ಕರಗಿತು. ಬಳೆಯ ಸದ್ದು, ಓಡುವ ಹೆಜ್ಜೆ, ಬಾಗಿಲು ಮುಚ್ಚಿದ್ದು. ಆಮೇಲೆ ಒಬ್ಬ ಮುದುಕ, ಬಹುಶಃ ಮೇಳದ ತಬಲಾದವನು, ಕೇಳಿದ.

"ಯಾಕ ಕಾಶವ್ವಾ, ಬಿಟ್ಟಿ? ತಂಗಿ ಮ್ಯಾಲ ಸಿಟ್ಟಾತೇನು?"

"ಸಿಟ್ಟೆಲ್ಲೀದೋ ಕಾಕಾ. ದನೀನ ಬರವಲ್ತು." ಒಣ ಕೆಮ್ಮು. "ಗಂಟಲದಾಗ ಗಂಟೈತಿ. ಹುಬ್ಬಳ್ಳಿ ಡಾಕ್ಟರು ಕೈ ಚೆಲ್ಲ್ಯಾರ."

"ಯವ್ವಾ... ತುಳಸಿಗೆ ಗೊತ್ತೈತೇನ?"

"ಗೊತ್ತಾಗಬಾರದು. ಗೊತ್ತಾದ್ರ ಹಾಡೂದು ಬಿಟ್ಟು ನನ್ನ ಹಾಸಿಗಿ ಮಗ್ಗಲಕ್ಕ ಕುಂದರತಾಳ. ಊರಿಗೆ ಹೋಗಿ ಆಕಿ ಕೂಡ ಜಗಳಾ ತಗೀತೀನಿ. ಸಿಟ್ಟಿಗಾದ್ರೂ ಒಬ್ಬಾಕಿನ ಹಾಡ್ಲಿ. ಕೇಳಿದಿಲ್ಲೋ ಆ ದನಿ? ನನ್ನಾಣಿ ಐತಿ ಕಾಕಾ, ಆಕಿಗೆ ಹೇಳಬ್ಯಾಡ."

ಗೌತಮಿ ಯಂತ್ರ ನಿಲ್ಲಿಸಿದಳು. ಬಾಲದಲ್ಲಿ ಕೆಟ್ಟದ್ದು ಸಿಕ್ಕರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಇದು ಕೆಟ್ಟದ್ದೇ? ಶಾಪವಿಲ್ಲ, ಬೈಗುಳವಿಲ್ಲ, ತುಂಬಿ ಚೆಲ್ಲುವಷ್ಟು ಪ್ರೀತಿಯಿದೆ. ಆದರೆ ತಂಗಿ ಹಾಡಲಿ ಎಂದು ಅಕ್ಕ ಸಾಯುವ ಮುಂಚೆ ತಂಗಿಯನ್ನು ದೂರ ಮಾಡಿಕೊಂಡಳು, ಆ ಜಗಳದ ನೋವಿಗೇ ತಂಗಿ ಬಾಯಿ ಮುಚ್ಚಿದಳು. ಇಬ್ಬರದೂ ನೀರಲ್ಲಿ ಹೋಮ. ಇದನ್ನು ಈ ವಯಸ್ಸಿನವಳಿಗೆ ಹೇಗೆ ಕೇಳಿಸುವುದು? ಶಾಪವೇ ಇದ್ದಿದ್ದರೆ "ಏನೂ ಇಲ್ಲ" ಅಂದು ಕಳಿಸಬಹುದಿತ್ತು ಅನ್ನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೊರಗೆ ಬಂದಳು. "ಅಜ್ಜಿ, ಅದು... ಟೇಪು ಭಾಳ ಹಳೇದು..."

ತುಳಸವ್ವ ಚಹಾದ ಲೋಟ ಕೆಳಗಿಟ್ಟು ಅವಳ ಮುಖ ನೋಡಿದಳು. "ಅತ್ತೀರಿ ನೀವು," ಅಂದಳು. "ಏನೂ ಇಲ್ಲದ್ದಕ್ಕ ಯಾರರೆ ಅಳತಾರೇನ್ರಿ? ಆಕಿ ನನ್ನಕ್ಕ. ಏನಂದಿದ್ರೂ ನನಗಂದದ್ದು. ನಡೀರಿ, ಕೇಳಸ್ರಿ."

ನಿಯಮ ಮುರಿಯಿತು. ಗೌತಮಿ ಅವಳನ್ನು ಒಳಗೆ ಕರೆದು ಕೂರಿಸಿ, ಗುಂಡಿ ಒತ್ತಿ, ಗೋಡೆಯ ಕಡೆ ಮುಖ ಮಾಡಿ ನಿಂತಳು.

ಮುಗಿದ ಮೇಲೆ ತುಳಸವ್ವ ಮತ್ತೊಮ್ಮೆ ಹಾಕು ಅನ್ನಲಿಲ್ಲ. "ಹುಚ್ಚಿ," ಅಂದಳು. "ಹುಚ್ಚರಂಡೆ. ಎಂಥಾ ಕೆಲಸಾ ಮಾಡಿದ್ಯಽ ಯಕ್ಕಾ."

"ತಪ್ಪು ನಿಮ್ಮದಲ್ಲ ಅಜ್ಜಿ. ಇನ್ನಾದ್ರೂ ಅದನ್ನ ಬಿಡ್ರಿ."

"ತಪ್ಪು ನಂದಲ್ಲ, ಖರೆ. ಆದ್ರ ಆಕಿ ಹಾಡು ಅಂದಿದ್ಲಲ್ಲ? ನಾ ಹಾಡಲಿಲ್ಲಲ್ಲ?"

ಗೌತಮಿ, "ಈಗ ಹಾಡ್ರಿ," ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮುದುಕಿ ನಿಜವಾಗಿಯೂ ಬಾಯಿ ತೆರೆದಳು. ಗಾಳಿ ಬಂತು. ಗಾಳಿಯ ಹಿಂದೆ ಒಂದು ಒಡಕು ಸದ್ದು ಬಂತು, ಎರಡು ಅಕ್ಷರ ನಡೆದು ನಿಂತಿತು. ತುಳಸವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬಸ್ಸಿನ್ಯಾಗ ಒಂದಽ ಸೀಟಿನ ಮ್ಯಾಲ ಕುಂತಿದ್ವಿ," ಅಂದಳು. "ಆಕಿ ತೊಡಿ ನನ್ನ ತೊಡಿಗೆ ಹತ್ತಿತ್ತು. ಯಾಕಕ್ಕಾ ಹಾಡು ಬಿಟ್ಟಿ ಅಂತ ನಾ ಒಂದು ಮಾತು ಕೇಳಲಿಲ್ಲ. ಮೊದಲ ಆಕೀನ ಮಾತಾಡ್ಲಿ ಅಂತ ಸೊಕ್ಕು. ನಾ ಕೇಳಿದ್ರ ಆಕಿ ಅತ್ತಬಿಡತಿದ್ಲು ಬಾಯಾರ. ಆಕಿ ಅಂಥಾಕಿನ. ನಿಮ್ಮ ಯಂತ್ರಕ್ಕ ಆ ಬಸ್ಸಿನಾಗಿಂದೇನರೆ ಸಿಗತೈತೇನ್ರಿ?"

"ಇಲ್ಲ ಅಜ್ಜಿ. ಆಡಿದ್ದು ಮಾತ್ರ ಸಿಗ್ತದ."

"ಹೌದು ಬಿಡ್ರಿ," ಎಂದು ತುಳಸವ್ವ ಎದ್ದಳು. ಕ್ಯಾಸೆಟ್ಟನ್ನು ಮೇಜಿನ ಮೇಲೆಯೇ ಬಿಟ್ಟಳು.

ಅವಳನ್ನು ಬಾಗಿಲ ತನಕ ಕಳಿಸಿ ಬಂದ ಗೌತಮಿ ಕಾಯುವ ಕೋಣೆಯಲ್ಲಿ ನಿಂತಳು. ಬೆಂಚುಗಳ ಮೇಲೆ ಜನ ತುಂಬಿದ್ದರು. ಎಲ್ಲರ ಮಡಿಲಲ್ಲೂ ಸತ್ತವರ ದನಿಯ ಯಾವುದೋ ಕ್ಯಾಸೆಟ್ಟು, ಯಾವುದೋ ಸುರುಳಿ. ಎಲ್ಲರ ಪಕ್ಕದಲ್ಲೂ ಬದುಕಿರುವವರು ಯಾರಾದರೂ ಕೂತಿದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ. ಮುಂದಿನ ಸರದಿ ಒಬ್ಬ ನಡುವಯಸ್ಸಿನವನದು. ತೀರಿಹೋದ ತಾಯಿಯ ಹಾಡಿನ ಬಾಲ ಬೇಕಿತ್ತು ಅವನಿಗೆ. ಪಕ್ಕದಲ್ಲಿ ಅವನ ಅಪ್ಪ ಕೂತಿದ್ದ. ಮಗ ಫೋನು ನೋಡುತ್ತಿದ್ದ, ಅಪ್ಪ ಕಿಟಕಿ ನೋಡುತ್ತಿದ್ದ.

"ನಿಮ್ಮ ಕೆಲಸಕ್ಕೆ ಇನ್ನೂ ಹೊತ್ತಾಗ್ತದ," ಅಂದಳು ಗೌತಮಿ. "ಅಲ್ಲೀತನಕ ನೀವಿಬ್ರೂ ಇಲ್ಲೇ ಕೂತು ಮಾತಾಡ್ರಿ."

ಅವನು ಫೋನಿನಿಂದ ತಲೆಯೆತ್ತಿ ಅಪ್ಪನ ಕಡೆ ನೋಡಿದ. ಅಪ್ಪ ಅವನ ಕಡೆ ನೋಡಿದ. ಇಬ್ಬರೂ ಒಟ್ಟಿಗೇ ಅವಳ ಕಡೆ ತಿರುಗಿದರು.

"ಏನು ಮಾತಾಡೋದ್ರಿ ಮೇಡಂ?" ಅಂದ ಅವನು.