ಅಮ್ಮನಿಗೆ ಬಿಟ್ಟ ಜಾಗ

"ಇವತ್ತು ನಾವು ಶಾಲೆಯಲ್ಲಿ..." ಎಂದು ಓದಿ ಲಿಜಿ ಟೀಚರ್ ನಿಲ್ಲಿಸಿದರು. ಪುಟವನ್ನು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ದೂರ ಹಿಡಿದರು. "ಏನು ಮಾಡಿದ್ರಿ ಅನಘಾ? ಇಲ್ಲಿ ಏನೂ ಇಲ್ವಲ್ಲ."

"ಇಲಿ ತಿಂದಿರ್ಬೇಕು ಟೀಚರ್," ಎಂದ ಹಿಂದೆ ಕೂತಿದ್ದ ಜೋಹನ್.

ಎಲ್ಲರೂ ನಕ್ಕರು. ಆ ಒಂದನೇ ಕ್ಲಾಸಿನಲ್ಲಿ ಇರುವುದೇ ಒಂಬತ್ತು ಮಕ್ಕಳು. ಗದ್ದಲ ಮಾತ್ರ ತೊಂಬತ್ತು ಮಕ್ಕಳದು.

ಅನಘ ನಗಲಿಲ್ಲ. ಟೀಚರ್ ಮೇಜಿನ ಪಕ್ಕ ನಿಂತು ತನ್ನ ಡೈರಿಯನ್ನೇ ನೋಡುತ್ತಿದ್ದಳು, ಯಾರಾದರೂ ಕಿತ್ತುಕೊಂಡು ಓಡಿಬಿಡುತ್ತಾರೇನೋ ಎನ್ನುವಂತೆ.

ಹಿನ್ನೀರಿನ ದಡದ ಆ ಪುಟ್ಟ ಶಾಲೆಯಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಕೆಲಸ. ಸೋಮವಾರ ಹಾಡು. ಮಂಗಳವಾರ ಕಾಗದ ಮಡಚಿ ಟೋಪಿ, ದೋಣಿ ಮಾಡುವುದು. ಬುಧವಾರ ಬೆಂಡೆ ಗಿಡಗಳಿಗೆ ನೀರು. ಗುರುವಾರ ಹುಣಸೆಬೀಜ ಎಣಿಸಿ ಕೂಡುವ ಲೆಕ್ಕ. ಶುಕ್ರವಾರ ಬಂತೆಂದರೆ ಡೈರಿ.

ಇದು ಒಬ್ಬರೇ ಬರೆಯುವ ಡೈರಿಯಲ್ಲ. ದಿನಾ ಸಂಜೆ ಮಗು ಅವತ್ತು ನಡೆದದ್ದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಬರೆಯಲು ಬಾರದ ಪದ ಬಂದರೆ ಅಷ್ಟನ್ನು ಮಾತ್ರ ಮನೆಯವರು ಪೆನ್ನಿನಲ್ಲಿ ಬರೆದುಕೊಡಬೇಕು. ಕೆಳಗೆ ಒಂದು ಚಿತ್ರ. ಮೊದಮೊದಲು ಎಲ್ಲರ ಪುಟದಲ್ಲೂ ಪೆನ್ನಿನದೇ ದರ್ಬಾರು. ದಿನ ಕಳೆದಂತೆ ಪೆನ್ಸಿಲ್ ಹೆಚ್ಚುತ್ತದೆ, ಪೆನ್ನು ತಾನಾಗಿ ಹಿಂದೆ ಸರಿಯುತ್ತದೆ.

ಅನಘಳ ಡೈರಿಯ ಮೊದಲ ಹದಿನಾರು ಪುಟಗಳಲ್ಲಿ ಅಮ್ಮನ ಹಸಿರು ಪೆನ್ನು ಇತ್ತು. ಗುಂಡು ಗುಂಡಾದ ಅಕ್ಷರ. ಹದಿನೇಳನೇ ಪುಟದಿಂದ ಪೆನ್ಸಿಲ್ ಮಾತ್ರ. ಬಾರದ ಪದ ಬಂದಲ್ಲೆಲ್ಲ ಅವಳು ಬೆರಳಿನಷ್ಟು ಜಾಗ ಬಿಟ್ಟು ಮುಂದೆ ಹೋಗಿದ್ದಳು.

"ಮನೇಲಿ ಯಾರೂ ಬರ್ಕೊಡಲ್ವಾ?" ಟೀಚರ್ ಮೆಲ್ಲಗೆ ಕೇಳಿದರು.

"ಅಮ್ಮ ಬಂದು ಬರೀತಾಳೆ."

"ಅಮ್ಮ ಯಾವಾಗ ಬರ್ತಾರೆ?"

"ಶನಿವಾರ."

"ಹೋದ ವಾರಾನೂ ಶನಿವಾರ ಅಂದಿದ್ದೆ."

"ಅದು ಬೇರೆ ಶನಿವಾರ."

ಟೀಚರಿಗೆ ನಗು ಬಂತು, ಆದರೆ ನಗಲಿಲ್ಲ. "ನೋಡು, ಓಣಂ ರಜೆಗೆ ಮುಂಚೆ ನಿಮ್ಮೆಲ್ಲರ ಡೈರಿಯಿಂದ ಒಂದೊಂದು ಪುಟ ತಗೊಂಡು ಪುಸ್ತಕ ಮಾಡ್ತಿದ್ದೀವಿ. ಎಂಟು ಪುಟ ಬಂದಿದೆ. ನಿನ್ನದೊಂದೇ ಬಾಕಿ. ಅಚ್ಛನ ಹತ್ರ ಬರೆಸ್ಕೊಂಡು ಬಾ. ಸೋಮವಾರ ತರ್ಬೇಕು, ಆಯ್ತಾ?"

ಅನಘ ಡೈರಿ ತೆಗೆದುಕೊಂಡು ಹೋಗಿ ಕೂತಳು.

ಅವಳ ಅಮ್ಮ ಶೈಜ ಎರ್ನಾಕುಲಂನಲ್ಲಿದ್ದಳು. ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ. ಹಗಲೂ ರಾತ್ರಿ ಅಲ್ಲೇ ಇರಬೇಕು. ತಿಂಗಳಿಗೆ ಒಂದು ಶನಿವಾರ, ಒಂದು ಭಾನುವಾರ ರಜೆ. ಹೋದ ತಿಂಗಳು ಅಜ್ಜಿಗೆ ಜ್ವರ ಬಂದು ಅದೂ ಸಿಗಲಿಲ್ಲ. ಹೊರಡುವ ದಿನ ಅಮ್ಮ ಗೇಟಿನ ಹತ್ತಿರ ನಿಂತು ಹೇಳಿದ್ದಳು: "ನನ್ನ ಜಾಗ ಹಾಗೇ ಬಿಟ್ಟಿರು. ಬಂದು ಬರೀತೀನಿ." ಅಳುವ ಮಗುವನ್ನು ಸುಮ್ಮನಾಗಿಸಲು ಆಡಿದ ಮಾತು ಅದು. ದೊಡ್ಡವರು ಇಂಥ ಮಾತನ್ನು ಬಸ್ಸು ಹತ್ತುವಷ್ಟರಲ್ಲಿ ಮರೆತುಬಿಡುತ್ತಾರೆ. ಚಿಕ್ಕವರು ಮರೆಯುವುದಿಲ್ಲ.

ಸಂಜೆ ಅಚ್ಛ, ಅವಳ ಅಪ್ಪ ಸಜಿಮೋನ್, ಜಗಲಿಯಲ್ಲಿ ಕಾಯುತ್ತಿದ್ದ. ಅವನು ಬೆಳಗಿನ ಜಾವ ದೋಣಿ ತೆಗೆದುಕೊಂಡು ಹೋಗಿ ಹಿನ್ನೀರಿನ ತಳದಿಂದ ಕಪ್ಪೆಚಿಪ್ಪು ಬಾಚಿ ತರುವವನು. ಈ ವರ್ಷ ಚಿಪ್ಪು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಅಮ್ಮ ಕೆಲಸಕ್ಕೆ ಹೋದದ್ದೂ ಅದಕ್ಕೇ.

"ಟೀಚರ್ ಫೋನ್ ಮಾಡಿದ್ರು," ಎಂದ ಅಚ್ಛ. ಕೈ ತೊಳೆದು, ಲುಂಗಿಗೆ ಒರೆಸಿಕೊಂಡು, ಪೆನ್ನು ಹಿಡಿದು ಸಿದ್ಧನಾಗಿದ್ದ. "ತಾ ಮಗಳೇ, ಇಬ್ರೂ ಸೇರಿ ಬರೆಯೋಣ. ಒಂದು ಪುಟ ತಾನೆ?"

"ಬೇಡ."

"ಯಾಕೆ?"

"ಅದು ಅಮ್ಮನ ಜಾಗ."

ಒಳಗಿನಿಂದ ಅಚ್ಛಮ್ಮ, ಅಂದರೆ ಅಚ್ಛನ ಅಮ್ಮ, ಬೇಯಿಸಿದ ಚಿಪ್ಪಿನ ಪಾತ್ರೆ ಹಿಡಿದು ಬಂದಳು. "ನಿಮ್ಮಮ್ಮ ಬರೋ ಹೊತ್ತಿಗೆ ನಿನಗೆ ಮದುವೆ ವಯಸ್ಸಾಗಿರತ್ತೆ. ಕೊಡೇ ಅವನ ಕೈಗೆ."

"ನೀನು ಸುಮ್ನಿರಮ್ಮ," ಎಂದ ಅಚ್ಛ. ಡೈರಿಯ ತುದಿ ಹಿಡಿದು ಮೆಲ್ಲಗೆ ಎಳೆದ. ಅನಘ ಇನ್ನೊಂದು ತುದಿ ಹಿಡಿದು ಜೋರಾಗಿ ಎಳೆದಳು. ಪರ್ ಎಂದು ಒಂದು ಪುಟದ ಮೂಲೆ ಹರಿಯಿತು.

"ನಿನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು," ಎಂದು ಅನಘ ಅಳುತ್ತ ಹೇಳಿದಳು. "ನನಗೆ ಬೇಡ."

ಅಚ್ಛ ತನ್ನ ಕೈ ನೋಡಿಕೊಂಡ. ಚಿಪ್ಪಿನ ಅಂಚು ಕೊಯ್ದು ಕೊಯ್ದು ಬೆರಳ ತುಂಬ ಗೀರುಗಳು. "ನಿಜ," ಎಂದ. ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದ. ಅವನಿಗೆ ಬೇಸರವಾಗಿದೆ ಎಂದು ಅನಘಳಿಗೆ ಗೊತ್ತಾಯಿತು. ಆದರೂ ಡೈರಿಯನ್ನು ಎದೆಗೆ ಅವುಚಿಕೊಂಡೇ ಕೂತಿದ್ದಳು.

ಏಳು ಗಂಟೆಗೆ ಅಮ್ಮನ ಫೋನು ಬಂತು.

"ಅಜ್ಜಿ ಮಗಳು ಊರಿಂದ ಬಂದಿದ್ದಾರೆ. ನಾಳೆ ಬರ್ತೀನಿ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಸಿರು ಪೆನ್ನು ತಾ," ಎಂದಳು ಅನಘ.

ಶನಿವಾರ ಮಧ್ಯಾಹ್ನ ಅಮ್ಮ ಬಂದಳು. ಮೊದಲಿಗಿಂತ ಸೊರಗಿದ್ದಳು. ಮೈಯಿಂದ ಮುಲಾಮಿನ ವಾಸನೆ ಬರುತ್ತಿತ್ತು. ಸ್ನಾನ ಮಾಡಿ ಬಂದ ಮೇಲೂ ಅದು ಪೂರ್ತಿ ಹೋಗಲಿಲ್ಲ. ಅಚ್ಛಮ್ಮ ತೆಂಗಿನ ಚೂರು ಹಾಕಿ ಚಿಪ್ಪಿನ ಮಾಂಸ ಹುರಿದಿದ್ದಳು. ಅಮ್ಮ ಎರಡು ಸಲ ಅನ್ನ ಹಾಕಿಸಿಕೊಂಡಳು. ಅವಳ ಕೊನೆಯ ತುತ್ತು ಇಳಿಯುವ ಮೊದಲೇ ಅನಘ ಡೈರಿ ತಂದು ತೊಡೆಯ ಮೇಲಿಟ್ಟಳು.

"ನೋಡು, ಎಲ್ಲಾ ಹಾಗೇ ಬಿಟ್ಟಿದ್ದೀನಿ."

ಅಮ್ಮ ಪುಟ ತಿರುಗಿಸಿದಳು. ಇನ್ನೊಂದು ತಿರುಗಿಸಿದಳು. ಅವಳ ಮುಖದಲ್ಲಿ ನಗು ಇತ್ತು. ಪುಟಗಳು ಮುಗಿಯದೇ ಹೋದಾಗ ನಗು ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು.

"ಇಷ್ಟೊಂದಾ?"

"ಹೂಂ. ಬರಿ."

ಅಮ್ಮ ಹಸಿರು ಪೆನ್ನು ತೆಗೆದಳು. ಹದಿನೇಳನೇ ಪುಟ. "ಜೋಹನನ ಹಲ್ಲು, ಆಮೇಲೆ ಖಾಲಿ ಜಾಗ. ಏನಾಯ್ತು?"

"ಬಿದ್ದುಹೋಯ್ತು. ಇಡ್ಲಿ ತಿನ್ನುವಾಗ."

ಅಮ್ಮ ಬರೆದಳು. ಗುಂಡು ಗುಂಡಾದ ಅಕ್ಷರ ಬಂದು ಜಾಗದಲ್ಲಿ ಕೂತಿತು. ಅನಘ ಅಮ್ಮನಿಗೆ ಇನ್ನಷ್ಟು ಒತ್ತಿ ಕೂತಳು. ಆರು ವಾರದಲ್ಲಿ ಅವಳಿಗೆ ಇಷ್ಟು ಸಂತೋಷ ಆಗಿರಲಿಲ್ಲ.

"ಇದು? 'ಇವತ್ತು ನಾವು ಶಾಲೆಯಲ್ಲಿ' ಅಂತ ಬರೆದು ಜಾಗ ಬಿಟ್ಟಿದ್ದೀಯ. ಏನು ಮಾಡಿದ್ರಿ?"

ಅನಘ ಬೆರಳಿನಿಂದ ಆ ಜಾಗವನ್ನು ತೀಡಿದಳು.

"ಕಾಗದದ ಟೋಪಿನಾ?"

"ಅಲ್ಲ."

"ಚಿತ್ರ ಇದೆಯಲ್ಲ. ಇದೇನು, ಬೆಕ್ಕಾ?"

"ಅಲ್ಲ."

"ಆಮೆಯಾ?"

ಅನಘ ಬಗ್ಗಿ ನೋಡಿದಳು. ಕಪ್ಪು ಗುಂಡು, ಅದಕ್ಕೆ ನಾಲ್ಕು ಕಡ್ಡಿ. ಬರೆದವಳು ಅವಳೇ. ಅವತ್ತು ಅದೇನೆಂದು ಚೆನ್ನಾಗಿ ಗೊತ್ತಿತ್ತು. ಇವತ್ತು ಎಷ್ಟು ನೋಡಿದರೂ ಅದು ಬರೀ ಕಪ್ಪು ಗುಂಡು.

"ನಿನಗೆ ಗೊತ್ತಿಲ್ವಾ?" ಎಂದು ಅಮ್ಮನನ್ನೇ ಕೇಳಿದಳು.

"ನಾನೆಲ್ಲಿದ್ದೆ ಮಗಳೇ? ನನಗೆ ಹೇಗೆ ಗೊತ್ತಿರತ್ತೆ?"

ಇದು ಅನಘಳಿಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಗೊತ್ತಿಲ್ಲದ್ದು ಆ ಮನೆಯಲ್ಲಿ ಏನಿತ್ತು? ಯಾವ ಕೋಳಿ ಎಲ್ಲಿ ಕದ್ದು ಮೊಟ್ಟೆ ಇಡುತ್ತದೆ, ಅಚ್ಛನ ಟಾರ್ಚು ಎಲ್ಲಿ ಕಳೆದಿದೆ, ಅನಘ ಹೊಟ್ಟೆನೋವು ಎಂದರೆ ಅದು ನಿಜವೋ ಸುಳ್ಳೋ, ಎಲ್ಲ ಅಮ್ಮನಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಬಿಟ್ಟ ಜಾಗದಲ್ಲಿ ಏನಿದೆ ಎಂದೂ ಗೊತ್ತಾಗುತ್ತದೆ ಎಂದುಕೊಂಡಿದ್ದಳು.

"ಹೋಗಲಿ, ಮುಂದಿನದು ನೋಡೋಣ," ಎಂದು ಅಮ್ಮ ಪುಟ ತಿರುಗಿಸಿದಳು. ಓದುತ್ತ ಓದುತ್ತ ಅವಳ ದನಿ ಇಳಿಯಿತು. "ಅಚ್ಛಮ್ಮ... ನೋಡಿ ಅತ್ತಳು." ತಲೆಯೆತ್ತಿದಳು. "ಏನು ನೋಡಿ ಅತ್ತಳು?"

ಅನಘ ಯೋಚಿಸಿದಳು. ಅಚ್ಛಮ್ಮ ಹಿತ್ತಲಿನಲ್ಲಿ ಕೂತು ಅತ್ತದ್ದು ನೆನಪಿತ್ತು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಕೈಯಲ್ಲಿ ಏನೋ ಇತ್ತು. ಏನದು?

"ಮರೆತುಹೋಯ್ತು."

"ಅಮ್ಮಾ," ಎಂದು ಅಮ್ಮ ಅಡುಗೆಮನೆಯ ಕಡೆ ತಿರುಗಿ ಅತ್ತೆಯನ್ನು ಕರೆದಳು. "ಯಾಕೆ ಅತ್ತಿದ್ರಿ?"

"ಯಾವತ್ತು?" ಅಚ್ಛಮ್ಮ ಹೊರಗೆ ಬರಲಿಲ್ಲ. "ಈರುಳ್ಳಿ ಹೆಚ್ಚಿದ್ನೇನೋ. ಆ ಮಗು ಮಾತು ಕಟ್ಕೊಂಡು."

ಅಮ್ಮ ಮತ್ತೆ ಕೇಳಲಿಲ್ಲ. ಪೆನ್ನನ್ನು ಆ ಜಾಗದ ಮೇಲೆ ಹಿಡಿದವಳು ಏನೂ ಬರೆಯದೆ ಪುಟ ತಿರುಗಿಸಿದಳು. ಜಾಗ ಬಿಟ್ಟ ಪುಟಗಳಲ್ಲಿ ನಾಲ್ಕು ತುಂಬಿದವು. ಹನ್ನೊಂದು ಪುಟ ತುಂಬಲಿಲ್ಲ.

"ಏನಾದ್ರೂ ಬರೆದುಬಿಡ್ಲಾ?" ಎಂದಳು ಕೊನೆಗೆ. "ಆ ಚಿತ್ರಕ್ಕೆ ಆಮೆ ಅಂತ ಬರೀತೀನಿ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತೆ," ಎಂದಳು ಅನಘ.

ಅಮ್ಮನ ಕಣ್ಣು ತುಂಬಿತು. ಅವಳು ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಗೋಡೆಗೆ ಒರಗಿದಳು. ಒಂದು ನಿಮಿಷದಲ್ಲಿ ನಿದ್ದೆ ಹೋಗಿದ್ದಳು. ಎರ್ನಾಕುಲಂನ ಆ ಅಜ್ಜಿ ರಾತ್ರಿ ಗಂಟೆಗೊಮ್ಮೆ ಎಬ್ಬಿಸುತ್ತಾರಂತೆ. ಪೆನ್ನು ಇನ್ನೂ ಕೈಯಲ್ಲೇ ಇತ್ತು. ಅನಘ ಅವಳನ್ನು ಎಬ್ಬಿಸಲಿಲ್ಲ.

ಭಾನುವಾರ ಮೂರು ಗಂಟೆಯ ಬಸ್ಸಿಗೆ ಅಮ್ಮ ಹೊರಟಳು. ಅಚ್ಛ ಚೀಲ ಹಿಡಿದಿದ್ದ, ಅನಘ ಅಮ್ಮನ ಕೊಡೆ ಹಿಡಿದಿದ್ದಳು. ಸೋನೆ ಮಳೆ. ಬಸ್ಸು ತುಂಬಿ ತುಳುಕುತ್ತಿತ್ತು. ಅಮ್ಮ ಹೇಗೋ ನುಗ್ಗಿ ಮೇಲಿನ ಕಂಬಿ ಹಿಡಿದು ನಿಂತಳು. ಕೈ ಬೀಸಬೇಕೆಂದರೆ ಕೈ ಬಿಡುವಂತಿರಲಿಲ್ಲ. ತಲೆ ಮಾತ್ರ ಆಡಿಸಿದಳು. ಈ ಸಲ ಜಾಗ ಬಿಟ್ಟಿರು ಎಂದು ಅವಳು ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅಚ್ಛ ಜಗಲಿಯಲ್ಲಿ ಕೂತು ಚಿಪ್ಪು ಬಾಚುವ ಬಲೆಯ ತೂತು ಹೊಲಿಯತೊಡಗಿದ. ಅಚ್ಛಮ್ಮ ಚಾಪೆಯ ಮೇಲೆ ಮಲಗಿದ್ದಳು. ಅಮ್ಮ ಹೋದ ದಿನ ಆ ಮನೆಯಲ್ಲಿ ರೇಡಿಯೋ ಕೂಡ ಹಾಕುವುದಿಲ್ಲ.

ಅನಘ ಡೈರಿ ತೆಗೆದು ಹೊಸ ಪುಟ ಬಿಡಿಸಿದಳು. ನಾಲಿಗೆ ತುದಿ ಹೊರಗಿಟ್ಟುಕೊಂಡು ಪೆನ್ಸಿಲಿನಲ್ಲಿ ಬರೆದಳು: 'ಇವತ್ತು ಅಮ್ಮ ಹೋದಳು. ಬಸ್ಸಿನಲ್ಲಿ'. ಅಲ್ಲಿಗೆ ಬಾರದ ಪದ ಬಂತು. ರೂಢಿಯಂತೆ ಬೆರಳಿಟ್ಟು ಜಾಗ ಅಳೆದಳು. ಬೆರಳು ಹಾಗೇ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಅವಳು ಹಿಂದಿನ ಪುಟ ತಿರುಗಿಸಿ ನೋಡಿದಳು. ಅಚ್ಛಮ್ಮ, ಖಾಲಿ, ನೋಡಿ ಅತ್ತಳು. ಮತ್ತೆ ಮುಂದೆ ಬಂದಳು. ಎದ್ದು ಹೋಗಿ ಅಚ್ಛನ ಪಕ್ಕ ಕೂತಳು.

"ಅಚ್ಛಾ, ಇಲ್ಲಿ ಬರಿ."

ಅಚ್ಛ ಬಲೆ ಕೆಳಗಿಟ್ಟ. "ನಾನಾ? ಅಮ್ಮನ ಜಾಗ ಅಂದಿದ್ದೆ."

"ಅಮ್ಮ ಬಂದಾಗ ಓದ್ಬೇಕಲ್ಲ."

ಅಚ್ಛ ಅವಳ ಮುಖವನ್ನೇ ನೋಡಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದ. "ಏನಂತ ಬರೀಲಿ?"

"ಸೀಟ್ ಸಿಗಲಿಲ್ಲ ಅಂತ. ನಿಂತ್ಕೊಂಡೇ ಹೋದ್ಲು ಅಂತ."

"ಅಮ್ಮನಿಗೆ ಅದು ಗೊತ್ತೇ ಇದೆಯಲ್ಲ. ಅವಳೇ ತಾನೆ ನಿಂತಿದ್ದು."

"ನಾವು ನೋಡ್ತಾ ಇದ್ವಿ ಅಂತ ಗೊತ್ತಿಲ್ಲ," ಎಂದಳು ಅನಘ. "ಬಸ್ಸು ತಿರುಗೋವರೆಗೂ ನೋಡಿದ್ವಿ. ಅದನ್ನೂ ಬರಿ. ಈಗಲೇ ಬರಿ."