ತಿರುಗಿ ಬಂದ ಓತಿಗಳು

ಮೇ ಹನ್ನೆರಡು, ಮಂಗಳವಾರ. ಪೂರ್ವ ಬರ್ಲಿನ್ನಿನ ಠಾಣೆಗೆ ಕಟ್ಟಡ ಕಂಪನಿಯ ಎಂಜಿನಿಯರ್ ಬೆಳಿಗ್ಗೆಯೇ ಬಂದು ದೂರು ಕೊಟ್ಟ. ರೈಲು ಹಳಿಯ ಪಕ್ಕದ ಹಳೆಯ ಕೈತೋಟಗಳನ್ನು ತೆರವು ಮಾಡಿದ ಜಾಗದಲ್ಲಿ ಕಡಿಮೆ ಬಾಡಿಗೆಯ ಇನ್ನೂರು ಮನೆಗಳು ಏಳಬೇಕಿತ್ತು. ಅಲ್ಲಿದ್ದ ಮರಳು ಓತಿಗಳನ್ನು ಮುಟ್ಟಲು ಕಾನೂನಿನ ಅಡ್ಡಿಯಿದ್ದುದರಿಂದ, ಎರಡು ವರ್ಷದ ಹಿಂದೆ ಅನುಮತಿ ಪಡೆದೇ ಹಿಡಿದು ಊರಾಚೆಯ ಬೇಲಿಯೊಳಗೆ ಬಿಡಲಾಗಿತ್ತು. ಈಗ ಅಡಿಪಾಯದ ಗುಂಡಿಯ ಅಂಚಿನಲ್ಲಿ ಮತ್ತೆ ಏಳು ಓತಿಗಳು ಬಿಸಿಲು ಕಾಯಿಸುತ್ತಿವೆ. ಯಾರೋ ಬೇಕೆಂದೇ ತಂದು ಬಿಟ್ಟಿದ್ದಾರೆ. ಕೆಲಸ ನಿಂತಿದೆ.

ಇನ್ಸ್‌ಪೆಕ್ಟರ್ ಗುದ್ರುನ್ ಟೆಶ್ನರ್ ಎಫ್‌ಐಆರ್ ಬರೆದಳು. ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಸೆರ್ಹಾತ್‌ನ ಮುಖ ನೋಡಲಿಲ್ಲ. ಆ ಇನ್ನೂರರಲ್ಲಿ ಒಂದು ಮನೆ ಅವನ ಹೆಸರಿಗೆ ಬಂದಿತ್ತು. ಹೆಂಡತಿ, ಅವಳಿ ಮಕ್ಕಳು, ಅತ್ತೆ ಸಮೇತ ಅವನು ಒಂದೂವರೆ ಕೋಣೆಯಲ್ಲಿದ್ದ.

"ನಾನು ಈ ಕೇಸಲ್ಲಿ ಇರಬಾರದಲ್ವಾ ಮೇಡಂ?"

"ಇರಬಾರದು. ಬೇರೆ ಯಾರಿದ್ದಾರೆ ಹೇಳು? ಗಾಡಿ ತೆಗಿ."

ಸ್ಥಳ ಪಂಚನಾಮೆ ಮುಗಿಯಿತು. ಪರಿಸರ ಇಲಾಖೆಯ ಮಾರೆನ್ ಬೋರಲಾಗಿ ಮಲಗಿ ಓತಿಗಳ ಬೆನ್ನುಗಳ ಪಟ ತೆಗೆದಳು. ಅನುಮಾನ ಮೊದಲು ಹೋದದ್ದು ಇಲ್ಲಿ ತೋಟ ಕಳೆದುಕೊಂಡು ಎದುರಿನ ಕಟ್ಟಡದಲ್ಲಿ ವಾಸವಿದ್ದ ಮುದುಕಿ ತ್ಸಾಬೆಲ್ ಮೇಲೆ.

"ಓತಿ ತಂದು ಬಿಟ್ಟಿದ್ದು ನೀವಾ?"

"ನಾನಾ? ನನ್ನ ಚೆರ್ರಿ ಮರ ಕಡಿದ ದಿನ ಫೋನ್ ಮಾಡ್ದೆ, ಒಬ್ಬ ಪೊಲೀಸೂ ಬರ್ಲಿಲ್ಲ. ಓತಿಗೆ ಇಬ್ಬರು ಬಂದಿದ್ದೀರ. ನನಗೂ ಒಂದು ಬಾಲ ಇರಬೇಕಿತ್ತು."

"ಯಾರನ್ನಾದ್ರೂ ನೋಡಿದ್ರಾ?"

"ಭಾನುವಾರ ಮಧ್ಯಾಹ್ನ ಒಬ್ಬ ಬಕೆಟ್ ಇಟ್ಕೊಂಡು ಮಂಡಿಯೂರಿ ಕೂತಿದ್ದ. ಅಳ್ತಿದ್ದಾನೇನೋ ಅನ್ಸಿ ಕೂಗ್ಲಿಲ್ಲ."

ಓತಿಗೆ ಬೇಲಿಗೂಟ ಸಾಕ್ಷಿ ಎನ್ನುತ್ತಾರೆ. ಇಲ್ಲಿ ಓತಿಯೇ ಸಾಕ್ಷಿ ಹೇಳಿತು. ಬುಧವಾರ ಮಾರೆನ್ ಪಟಗಳನ್ನು ಠಾಣೆಯ ಮೇಜಿನ ಮೇಲೆ ಹರಡಿದಳು.

"ಬೆನ್ನ ಮೇಲಿನ ಚುಕ್ಕೆ ಇವಕ್ಕೆ ಬೆರಳಚ್ಚು ಇದ್ದ ಹಾಗೆ. ಹಿಂದೆ ಹಿಡಿದಾಗ ತೆಗೆದ ಪಟಗಳ ಜೊತೆ ಏಳೂ ಹೊಂದ್ತವೆ. ಇವು ಆ ಕೈತೋಟದಿಂದಲೇ ಹೋದವು."

"ತಾವಾಗೇ ವಾಪಸ್ ಬಂದ್ವಾ?" ಸೆರ್ಹಾತ್ ಕೇಳಿದ.

"ಮೂವತ್ತು ಕಿಲೋಮೀಟರ್? ಓತಿ ರೈಲು ಹತ್ತಲ್ಲಪ್ಪಾ."

ಮೂವರೂ ಹೋಗಿ ನೋಡಿದರೆ ಊರಾಚೆಯ ಬೇಲಿಯ ಬೀಗ ಒಡೆದಿರಲಿಲ್ಲ. ಇಣುಕಿದರೆ ಒಳಗೆ ನುಣ್ಣಗೆ ಕತ್ತರಿಸಿದ ಹುಲ್ಲು. ಅವಿತುಕೊಳ್ಳಲು ಕಲ್ಲುಗುಡ್ಡೆಯಿಲ್ಲ, ಮೊಟ್ಟೆಯಿಡಲು ಮರಳಿಲ್ಲ. ಗೂಟದ ಮೇಲೊಂದು ಗಿಡುಗ ಆರಾಮಾಗಿ ಕೂತಿತ್ತು. ತೊಂಬತ್ತನಾಲ್ಕು ಓತಿ ಬಿಟ್ಟ ಜಾಗದಲ್ಲಿ ಅವರಿಗೆ ಒಂದೂ ಕಾಣಲಿಲ್ಲ.

"ಬೀಗದ ಕೈ ಯಾರ ಹತ್ರ ಇದೆ?"

"ಡೆಟ್ಲೆಫ್ ಕ್ವಾಸ್ಟ್," ಎಂದಳು ಮಾರೆನ್. "ಇವನ್ನೆಲ್ಲ ಹಿಡಿದು ಸಾಗಿಸಿದ ಜೀವಶಾಸ್ತ್ರಜ್ಞರು."

ಗುದ್ರುನ್‌ಗೆ ಆ ಹೆಸರು ಗೊತ್ತಿತ್ತು. ಕಳೆದ ಅಕ್ಟೋಬರಿನಲ್ಲಿ ಅವನು ಅವಳ ಮೇಜಿನೆದುರು ಕೂತಿದ್ದ. ಓತಿಗಳು ಸಾಯ್ತಿವೆ, ತಪ್ಪು ನನ್ನದೇ, ಬರ್ಕೊಳ್ಳಿ ಎಂದಿದ್ದ. ಸೆರ್ಹಾತ್‌ಗೆ ಮನೆ ಬಂದ ಸಂಭ್ರಮಕ್ಕೆ ಠಾಣೆಯಲ್ಲಿ ಕೇಕು ಹಂಚಿದ ವಾರ ಅದು. ಓತಿ ಸತ್ತರೆ ಕೊಲೆಯಲ್ಲ, ಮನೆಗೆ ಹೋಗಿ ಎಂದು ಅವಳು ನಕ್ಕು ಕಳಿಸಿದ್ದಳು. ಕಾರಿನಲ್ಲಿ ಇದನ್ನು ಸೆರ್ಹಾತ್‌ಗೆ ಹೇಳದೆ, ಕ್ವಾಸ್ಟ್ ಮನೆಯ ವಿಳಾಸವನ್ನಷ್ಟೇ ಹೇಳಿದಳು.

ಕ್ವಾಸ್ಟ್ ಬಾಗಿಲು ತೆರೆದು, ಕೇಳುವ ಮೊದಲೇ ಕೋಟು ಹಾಕಿಕೊಂಡ.

"ಏಳು ಓತಿ ಬಿಟ್ಟಿದ್ದು ನೀವಾ?"

"ಹೌದು. ಅಷ್ಟೇ ಉಳಿದಿದ್ವು."

"ಯಾಕೆ ತಂದ್ರಿ?"

"ಆ ಜಾಗ ಹದ ಮಾಡೋಕೆ ಇನ್ನೊಂದು ಬೇಸಿಗೆ ಬೇಕಿತ್ತು. ಮನೆಗೆ ಜನ ಕಾಯ್ತಿದ್ದಾರೆ, ಬೇಗ ಅಂದ್ರು. ಜಾಗ ಸಿದ್ಧ ಅಂತ ಸಹಿ ಹಾಕ್ಬಿಟ್ಟೆ. ಸಿದ್ಧ ಇರ್ಲಿಲ್ಲ."

"ಕಾಯ್ತಿರೋ ಜನ ಅಂದ್ರೆ ನಾನೇ," ಎಂದ ಸೆರ್ಹಾತ್.

ಕ್ವಾಸ್ಟ್ ಅವನನ್ನು ನೋಡಿದ. "ಮಕ್ಕಳಿದ್ದಾರಾ?"

"ಇಬ್ಬರು."

ಸೆರ್ಹಾತ್ ಹೊರತೆಗೆದ ಕೈಕೋಳವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ.

ಮೆಟ್ಟಿಲಿಳಿಯುವಾಗ ಕ್ವಾಸ್ಟ್ ಗುದ್ರುನ್‌ಗೆ ಮೆಲ್ಲಗೆ ಹೇಳಿದ: "ನಿಮ್ಮ ಹತ್ರ ಬಂದಿದ್ದೆ."

"ಗೊತ್ತು."

ಬಂಧನ ದಾಖಲಾಯಿತು. ಸಂಜೆ ಎಂಜಿನಿಯರ್ ಫೋನ್ ಮಾಡಿದ. ಏಳನ್ನೂ ಅದೇ ಬೇಲಿಗೆ ಮರಳಿ ಒಯ್ದರೆ ಸೋಮವಾರವೇ ಕೆಲಸ ಶುರು ಎಂದ. ಗುದ್ರುನ್ ಫೋನಿಟ್ಟು ವರದಿ ಬರೆಯತೊಡಗಿದಳು. ಆರೋಪಿಗೆ ಲಾಭದ ಆಸೆ ಇರಲಿಲ್ಲ; ಕೈಯಾರೆ ಒಯ್ದವನ್ನು ಕೈಯಾರೆ ತಂದು ಬಿಡದೆ ಅವನಿಗೆ ನಿದ್ದೆ ಇರಲಿಲ್ಲ. ಬೇಲಿಯೊಳಗಿನ ಜಾಗ ಓತಿಗಳು ಬದುಕಲು ಯೋಗ್ಯವಲ್ಲ. ಇದನ್ನು ತಿಳಿಸಲು ಅವನು ಅಕ್ಟೋಬರಿನಲ್ಲಿ ಈ ಠಾಣೆಗೆ ಬಂದಿದ್ದ. ದೂರು ತೆಗೆದುಕೊಳ್ಳದೆ ಕಳಿಸಿದ ಅಧಿಕಾರಿ, ಗುದ್ರುನ್ ಟೆಶ್ನರ್.

ಸೆರ್ಹಾತ್ ಓದಿದ. ಈ ಕೊನೆಯ ಸಾಲುಗಳು ಮೇಲಕ್ಕೆ ಹೋದರೆ ಓತಿಗಳ ಸ್ಥಳಾಂತರವೇ ತನಿಖೆಗೆ ಬರುತ್ತದೆ, ಮನೆಗಳು ಎಷ್ಟೋ ಕಾಲ ಏಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಇದನ್ನ ಬರೀಲೇಬೇಕಾ ಮೇಡಂ?"

"ಅಕ್ಟೋಬರಿನಲ್ಲೇ ಬರ್ಕೊಂಡಿದ್ರೆ ನೀನು ಇವತ್ತು ಹೀಗೆ ಕೇಳ್ತಿರ್ಲಿಲ್ಲ."

ಅವನು ವರದಿಯನ್ನು ತನ್ನತ್ತ ಎಳೆದುಕೊಂಡ. ಆಮೇಲೆ ಅವಳ ಕೈಯಿಂದಲೇ ಪೆನ್ನು ತೆಗೆದುಕೊಂಡು, ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ.