ಅವ್ವನ ಅಂಚುಗಳು

“ನೋಡವ್ವ, ಈಗ ಹೆಂಗ್ ಓಡ್ತೈತಿ,” ಎಂದು ಮಹಾಂತಯ್ಯ ಹಳೆಯ ಲ್ಯಾಪ್‌ಟಾಪನ್ನು ಸ್ರವಂತಿಯ ಕಡೆ ತಿರುಗಿಸಿದರು.

ಶಾಲೆ ಬಿಟ್ಟೊಡನೆ ಅವಳು ನಾರಾಯಣಪೇಟೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅವರ ರಿಪೇರಿ ಅಂಗಡಿಗೆ ಓಡಿ ಬಂದಿದ್ದಳು. ಬೆಳಿಗ್ಗೆ ಕೊಟ್ಟುಹೋದಾಗ ಲ್ಯಾಪ್‌ಟಾಪ್ ಆನ್ ಆಗಲು ಅರ್ಧ ಗಂಟೆ ಬೇಕಾಗುತ್ತಿತ್ತು. ಈಗ ಒಂದೇ ನಿಮಿಷಕ್ಕೆ ತೆರೆದುಕೊಂಡಿತು.

ಆದರೆ ಪರದೆಯ ಮೇಲೆ ನೀಲಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

“ಕಾಕಾ, ನಮ್ಮವ್ವ ತಗದಿಟ್ಟ ಫೋಟೋ ಎಲ್ಲಿ?”

“ಇದರಾಗ ಹಳೇದು ಒಂದೂ ಇಲ್ಲವ್ವ. ಹೊಸ ವಿಂಡೋಸ್ ಹಾಕಬೇಕಂದ್ರ ಹಳೇದೆಲ್ಲ ಅಳಿಸಬೇಕು...”

ಅವರು ಇನ್ನೂ ಏನೋ ಹೇಳುತ್ತಿದ್ದರು. ಸ್ರವಂತಿಗೆ ಕೇಳಿಸಲೇ ಇಲ್ಲ. ತಾನು ನೇಯ್ದ ಸೀರೆ ಮಾರುವ ಮೊದಲು ಅವ್ವ ಅದರ ಅಂಚಿನ ಫೋಟೋ ತೆಗೆದಿಡುತ್ತಿದ್ದಳು. ಹೊಸ ಗಿರಾಕಿ ಬಂದರೆ ಅದನ್ನೇ ತೋರಿಸುತ್ತಿದ್ದಳು. ಎಂಟು ವರ್ಷದ ಅಂಚುಗಳು! ಆ ಸೀರೆಗಳು ಈಗ ಯಾವ ಯಾವ ಊರಲ್ಲಿವೆಯೋ.

“ಮುಂಜಾನಿ ನೀವು ‘ಹೊಸದು ಹಾಕ್ಲೇನು’ ಅಂದ್ರಿ. ಹಳೇದಕ್ಕ ಕಟ್ತೀರಿ ಅಂದ್ಕೊಂಡೆ ರೀ.”

“ಕಟ್ಟೋದಂದ್ರ?”

“ಮಗ್ಗದಾಗ ಹಾಸಿನ ಉದ್ದ ಎಳಿ ಮುಗಿದ್ರ ಅಪ್ಪ ಹಳೇ ಎಳಿ ಪೂರಾ ತಗಿಯಂಗಿಲ್ಲ. ಗೇಣುದ್ದ ಬಿಟ್ಟು, ಒಂದೊಂದಕ್ಕೂ ಹೊಸ ಎಳಿ ಕಟ್ಟತಾರ. ಇದೂ ಹಂಗಽ ಅಂತ...” ಅವಳ ಕಣ್ಣು ತುಂಬಿಬಂದವು.

ಮಹಾಂತಯ್ಯ ಕನ್ನಡಕ ತೆಗೆದು ಅವಳನ್ನೇ ನೋಡಿದರು. ನಗಲಿಲ್ಲ. ಡ್ರಾದಿಂದ ಒಂದು ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಚುಚ್ಚಿದರು.

ಪರದೆಯ ಮೇಲೆ ಒಂದೊಂದೇ ಫೋಟೋ ಮೂಡಿತು: ಗೋಪುರದ ಅಂಚು. ರುದ್ರಾಕ್ಷಿ ಅಂಚು. ಹೋದ ವರ್ಷ ಅವ್ವ ಎರಡು ಸಲ ಬಿಚ್ಚಿ ನೇಯ್ದ ಹಸಿರು ಅಂಚು.

“ಪೂರಾ ಮಾತು ಕೇಳದಽ ಅಳಾಕ ಕುಂತಿ,” ಎಂದರು ಮಹಾಂತಯ್ಯ. “ಮುಂಜಾನಿ ಏನೈತಿ ಏನಿಲ್ಲ ಒಂದೂ ಹೇಳಲಿಲ್ಲ. ‘ಹಾಕ್ರಿ’ ಅಂದು ಸಾಲಿಗೆ ಓಡಿದಿ. ನನಗ ಡೌಟ್ ಬಂತು. ಮೊದಲ ಎಲ್ಲಾ ಕಾಪಿ ಮಾಡಿಟ್ಟೆ. ಹಳೇ ಡಿಸ್ಕು, ಕಾಪಿ ನಡುನಡುವ ನಿಂತಬಿಡ್ತಿತ್ತು. ಬಿಟ್ಟು ಏಳಂಗಽ ಇರಲಿಲ್ಲ.”

ಫೋಟೋಗಳು ಲ್ಯಾಪ್‌ಟಾಪಿಗೆ ಮರಳತೊಡಗಿದವು. ಸ್ರವಂತಿ ಕಣ್ಣೊರೆಸಿಕೊಂಡಳು. ಆಗ ಮೇಜಿನ ಮೂಲೆಯಲ್ಲಿದ್ದ ಮಹಾಂತಯ್ಯನವರ ಮಧ್ಯಾಹ್ನದ ಬುತ್ತಿ ಕಣ್ಣಿಗೆ ಬಿತ್ತು. ಅದರ ಬಟ್ಟೆಯ ಗಂಟು ಇನ್ನೂ ಬಿಚ್ಚಿರಲಿಲ್ಲ. ಗಡಿಯಾರದಲ್ಲಿ ಆಗಲೇ ಐದು ಗಂಟೆ.

ಅವಳು ಬುತ್ತಿಯನ್ನು ಎರಡೂ ಕೈಯಲ್ಲಿ ತಂದು ಅವರ ಮುಂದಿಟ್ಟಳು.

“ನೀವು ಉಣ್ರಿ ಕಾಕಾ. ಕಾಪಿ ನಿಂತ್ರ ನಾ ಹೇಳ್ತೀನಿ,” ಎಂದು ಪರದೆಯ ಮುಂದೆ ಕುಳಿತಳು.